ಒರೆಸಿಟ್ಟ ಹಾಳೆ

ಜನವರಿ ೨೦, ಸೋಮವಾರ

ಡಾಕ್ಟರು ನನ್ನ ಬಾಯಿ ಮುಚ್ಚಿಸಿದರು. ಗಂಟಲೊಳಗೆ ಎರಡೂ ಕಡೆ ಗಂಟು ಎದ್ದಿದೆಯಂತೆ. ಇಷ್ಟು ವರ್ಷ ಸರ್ಕಾರಿ ಶಾಲೆಯ ಮಕ್ಕಳ ಮೇಲೆ ಕಿರುಚಿದ್ದಕ್ಕೆ ಸಿಕ್ಕ ಬಹುಮಾನ. ಆರು ವಾರ ಒಂದು ಮಾತೂ ಆಡಕೂಡದು, ಪಿಸುಗುಟ್ಟುವುದು ಇನ್ನೂ ಕೆಟ್ಟದ್ದು ಅಂದರು. ಕೇಳದೇ ಹೋದರೆ ಆಪರೇಷನ್ನು, ಆಮೇಲೆ ದನಿ ಹೇಗಿರುತ್ತದೋ ಹೇಳಲಾರೆ ಅಂತಲೂ ಸೇರಿಸಿದರು. ತಲೆಯಾಡಿಸಿ ಎದ್ದು ಬಂದೆ. ಭಯ ಆಗಬೇಕಿತ್ತು, ಆಗಲಿಲ್ಲ.

ದೀಪಾವಳಿ ಮುಗಿದ ವಾರ ನಮ್ಮ ಯಜಮಾನರು ಇಲ್ಲೇ ವಿದ್ಯಾರಣ್ಯಪುರಂ ಪಾರ್ಕಿಗೆ ವಾಕಿಂಗ್ ಹೋದವರು ಬೆಂಚಿನ ಮೇಲೆ ಕೂತು ಏಳಲೇ ಇಲ್ಲ. ಅವತ್ತಿನಿಂದ ನನಗೆ ಹೀಗೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಒಳಗೆಲ್ಲ ಆ ಥರ. ಅತ್ತಿಲ್ಲ. ಅತ್ತುಬಿಡಿ ಅತ್ತಿಗೆ, ಹಗುರ ಆಗುತ್ತೆ ಅಂತ ನಾದಿನಿ ಮಾಲವಿಕಾ ಹೇಳಿ ಹೇಳಿ ಅವಳಿಗೇ ಸುಸ್ತಾಯಿತು.

ಈ ಡೈರಿ ಬ್ಯಾಂಕಿನವರು ಪ್ರತಿವರ್ಷ ಶ್ರೀ ಬಿಂದುಮಾಧವ ರಾವ್ ಅವರಿಗೆ ಅಂತ ಕಳಿಸುವುದು. ಈ ವರ್ಷವೂ ಕಳಿಸಿದ್ದಾರೆ, ಪಾಪ ಅವರಿಗೇನು ಗೊತ್ತು. ಬಾಯಿ ಕಟ್ಟಿದ ಮೇಲೆ ಕೈಯಾದರೂ ಆಡಲಿ ಅಂತ ಗೀಚುತ್ತಿದ್ದೇನೆ.

ಜನರ ಹತ್ತಿರ ಮಾತಿನ ಬದಲು ಏನಾದರೂ ಬೇಕಲ್ಲ. ಅಡುಗೆಮನೆ ಗೋಡೆಯ ಮೊಳೆಗೆ ನೇತುಹಾಕಿದ್ದ ಸ್ಲೇಟು ತೆಗೆದೆ. ಹಾಲು, ಗ್ಯಾಸು, ಪೇಪರಿನವನು ಅಂತ ಯಜಮಾನರು ನೆನಪಿಗೆ ಬರೆದಿಡುತ್ತಿದ್ದ ಸ್ಲೇಟು. ಅವರ ಅಕ್ಷರ ಇನ್ನೂ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಏನೂ ಅನ್ನಿಸಲಿಲ್ಲ. ಬ್ಯಾಗಿಗೆ ಸರಿಯಾಗಿ ಹಿಡಿಯಿತು.

ಜನವರಿ ೨೨, ಬುಧವಾರ

ರಜೆ ಇಲ್ಲವಂತೆ. ಕಂಚಿನಕೊಪ್ಪಲಿನ ಕಿರಿಯ ಪ್ರಾಥಮಿಕ ಶಾಲೆಗೆ ಒಂದರಿಂದ ಐದರವರೆಗೂ ನಾನೊಬ್ಬಳೇ ಟೀಚರು. ಬದಲಿಗೆ ಯಾರನ್ನಾದರೂ ಕಳಿಸಿ ಅಂತ ಸ್ಲೇಟಿನ ಮೇಲೆ ಬರೆದು ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ತೋರಿಸಿದೆ. ಅಲ್ಲಿದ್ದವರು ಓದಿಕೊಂಡು, ಕೆಪ್ಪರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಯಾರೂ ಇಲ್ಲ ಮೇಡಂ, ಹೆಂಗೋ ಅಡ್ಜಸ್ಟ್ ಮಾಡ್ಕೊಳ್ಳಿ ಅಂದರು. ಬಾಯಿ ಹೋದವಳಿಗೆ ಕಿವಿಯೂ ಹೋಗಿದೆ ಅಂತ ಜನ ಯಾಕೆ ಅಂದುಕೊಳ್ಳುತ್ತಾರೋ ಕಾಣೆ.

ವಿ.ಆರ್.ಎಸ್. ತೊಗೊಂಡು ಮನೇಲಿರಿ ಅತ್ತಿಗೆ, ಯಾರಿಗೋಸ್ಕರ ಆ ಹಾಳು ಕೊಪ್ಪಲಿಗೆ ಎರಡೆರಡು ಬಸ್ಸು ಹತ್ತೀರಿ ಅಂತ ಮಾಲವಿಕಾ ಕೇಳಿದಳು. ಸರಿಯಾಗೇ ಕೇಳಿದಳು. ಪರೀಕ್ಷೆ ಮುಗಿಯಲಿ, ಅರ್ಜಿ ಕೊಟ್ಟುಬಿಡುತ್ತೇನೆ.

ಜನವರಿ ೨೪, ಶುಕ್ರವಾರ

ಮಾತಿಲ್ಲದ ಟೀಚರನ್ನು ಮಕ್ಕಳು ಹರಿದು ತಿನ್ನುತ್ತಾರೆ ಅಂದುಕೊಂಡಿದ್ದೆ. ಐದನೇ ಕ್ಲಾಸಿನ ಬಿಂದುಶ್ರೀ ತನ್ನನ್ನು ತಾನೇ ನನ್ನ ಬಾಯಾಗಿ ನೇಮಕ ಮಾಡಿಕೊಂಡುಬಿಟ್ಟಿದ್ದಾಳೆ. ನಾನು ಸ್ಲೇಟಿನ ಮೇಲೆ ಬರೆದರೆ ಸಾಕು, ಸೊಂಟದ ಮೇಲೆ ಕೈಯಿಟ್ಟು, ಮಿಸ್ ಏಳ್ತಾವ್ರೆ ಅಂತ ಶುರುಮಾಡುತ್ತಾಳೆ. ನಾನು ಬರೆದದ್ದು ಸುಮ್ಮನೆ ಕೂತುಕೊಳ್ಳಿ ಅಂತ ಇಷ್ಟೇ. ಅವಳು, ಸುಮ್ನೆ ಕೂತ್ಕಳಿ, ಇಲ್ದಿದ್ರೆ ಬೆನ್ ಮೂಳೆ ಮುರ್ದಾಕ್ತಾರಂತೆ ಅಂತ ತನ್ನ ಕಡೆಯಿಂದ ಒಗ್ಗರಣೆ ಹಾಕಿದಳು. ಚಿಕ್ಕವು ತೆಪ್ಪಗಾದವು. ಅಡುಗೆ ಮಾಡುವ ದೇವಿರಮ್ಮ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

ಊರಲ್ಲಿ ಸ್ವಲ್ಪ ಅನುಕೂಲ ಇದ್ದವರ ಮಕ್ಕಳೆಲ್ಲ ಹಳದಿ ವ್ಯಾನಿನಲ್ಲಿ ಹೂಟಗಳ್ಳಿಯ ಇಂಗ್ಲಿಷ್ ಸ್ಕೂಲುಗಳಿಗೆ ಹೋಗುತ್ತವೆ. ನಮಗೆ ಉಳಿದಿರುವುದು ವ್ಯಾನು ಹತ್ತಲಾಗದವು. ಬಿಂದುಶ್ರೀಯ ಅಪ್ಪ ಜವರಪ್ಪ ಗೋಡೌನಿನಲ್ಲಿ ಲೋಡಿಂಗ್ ಮಾಡುತ್ತಾನೆ, ಅವ್ವ ಚಾಮುಂಡೇಶ್ವರಿ ಫ್ಯಾಕ್ಟರಿಯಲ್ಲಿ ನೆಲ ಒರೆಸುತ್ತಾಳೆ. ಮಂಟೇಸ್ವಾಮಿ ಅಂತ ಎರಡು ವರ್ಷದ ತಮ್ಮ ಒಬ್ಬ ಇದ್ದಾನೆ, ಅವ್ವನಿಗೆ ಬೆಳಗಿನ ಶಿಫ್ಟಿದ್ದ ದಿನ ಬಿಂದುಶ್ರೀ ಶಾಲೆಗೆ ಬರುವುದಿಲ್ಲ. ಕೇಳಿದರೆ, ಮಂಟೆಗೆ ಜ್ವರ ಮಿಸ್ ಅನ್ನುತ್ತಾಳೆ. ಆ ಮಗುವಿಗೆ ಬಂದಷ್ಟು ಜ್ವರ ಜಿಲ್ಲೆಯಲ್ಲಿ ಯಾರಿಗೂ ಬಂದಿರಲಾರದು.

ಜನವರಿ ೩೦, ಗುರುವಾರ

ಬೋಗಾದಿ ಕಡೆ ಒಂದು ಟ್ರಸ್ಟಿನವರ ವಸತಿ ಶಾಲೆ ಇದೆ. ಆರರಿಂದ ಹತ್ತರವರೆಗೆ ಊಟ, ಬಟ್ಟೆ, ಓದು ಎಲ್ಲ ಅವರದೇ. ಸುತ್ತಲಿನ ಹಳ್ಳಿ ಶಾಲೆಗಳ ಐದನೇ ಕ್ಲಾಸಿನವರಿಗೆ ಶಾಲೆಗೊಂದು ಸೀಟು ಇಟ್ಟಿದ್ದಾರೆ, ಪ್ರವೇಶ ಪರೀಕ್ಷೆ ಬರೆದು ಗೆಲ್ಲಬೇಕು. ನಮ್ಮಲ್ಲಿ ಐದನೇ ಕ್ಲಾಸಿಗೆ ಇರುವುದೇ ಇಬ್ಬರು, ಬಿಂದುಶ್ರೀ ಮತ್ತು ಚಿಲ್ಲರೆ ಅಂಗಡಿ ಪುಟ್ಟಬಸಮ್ಮನ ಮೊಮ್ಮಗಳು ಹೇಮಶ್ರೀ. ಇಬ್ಬರದೂ ಅರ್ಜಿ ಕಟ್ಟಿಸಿದೆ.

ಜವರಪ್ಪನನ್ನು ಕರೆಸಿದೆ. ಬಾಗಿಲಾಚೆಯೇ ನಿಂತ, ಒಳಗೆ ಬಾ ಅಂತ ಕೈಮಾಡಿದರೂ ಬರಲಿಲ್ಲ. ಮಗಳು ನನ್ನ ಸ್ಲೇಟು ಓದಿ ಹೇಳಿದಳು, ತನ್ನ ವಿಷಯ ತಾನೇ. ಅವನು ಬಹಳ ಹೊತ್ತು ಕೇಳಿಸಿಕೊಂಡು, ಇವಳನ್ನು ಈ ಸಲ ಬಿಡಿಸಬೇಕು ಅಂತಿದ್ದೆ ಅಂದ. ಆರನೇ ಕ್ಲಾಸಿಗೆ ಲಾರಿ ರಸ್ತೆ ದಾಟಿ ಹೂಟಗಳ್ಳಿಯ ಸರ್ಕಾರಿ ಶಾಲೆಗೆ ಹೋಗಬೇಕು, ಹೋದರೆ ದಿನವೆಲ್ಲ ಮಗುವನ್ನು ನೋಡಿಕೊಳ್ಳುವವರಿಲ್ಲ, ಹೆಂಡತಿ ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ.

“ಆಸ್ಟೆಲ್ ಸೀಟು ಸಿಕ್ರೆ ಬೇರೆ ಮಾತು ಮಿಸ್. ಐದೊರ್ಸ ಅವ್ರೇ ನೋಡ್ಕತಾರೆ ಅಂದ್ರೆ ನಮ್ಮಕ್ಕನ ಕೈಕಾಲು ಇಡ್ದು ಕರ್ಕಂಡ್ ಬಂದು ಮಗಾನ ನೋಡ್ಕಳಕ್ಕೆ ಇಟ್ಕತೀನಿ. ಸಿಗ್ನಿಲ್ವಾ, ಇವ್ಳು ಓದಿದ್ದು ಸಾಕು.”

ಅಪ್ಪ ಹೋದ ಮೇಲೆ ಬಿಂದುಶ್ರೀ, ಆ ಸ್ಕೂಲಲ್ಲಿ ಲೈಬ್ರರಿ ಅಯ್ತಾ ಮಿಸ್ ಅಂತ ಕೇಳಿದಳು. ಇದೆ ಅಂತ ಬರೆದೆ. ಅದನ್ನು ಮಾತ್ರ ಅವಳು ಯಾರಿಗೂ ಓದಿ ಹೇಳಲಿಲ್ಲ.

ಫೆಬ್ರವರಿ ೨, ಭಾನುವಾರ

ಮಾಲವಿಕಾ ಊಟಕ್ಕೆ ಕರೆದಿದ್ದಳು. ಅವಳ ಮಗ ಪ್ರದ್ಯುಮ್ನನೂ ಐದನೇ ಕ್ಲಾಸು, ಇನ್ಯಾವುದೋ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಹೋಗುತ್ತಿದ್ದಾನೆ. ಅವನ ಮೇಜಿನ ಮೇಲೆ ಓಎಂಆರ್ ಹಾಳೆಗಳ ಒಂದು ಗುಡ್ಡೆ. ಪ್ರತಿ ಪ್ರಶ್ನೆಗೂ ನಾಲ್ಕು ಸೊನ್ನೆ, ಸರಿಯಾದ ಸೊನ್ನೆಯನ್ನು ಪೆನ್ಸಿಲಿನಲ್ಲಿ ಕಪ್ಪು ಮಾಡಬೇಕು, ಮಿಷನ್ನು ಓದುತ್ತದೆ. ದಿನಕ್ಕೊಂದು ತುಂಬಿ ಬಿಸಾಡುತ್ತಾನಂತೆ. ಟ್ರಸ್ಟಿನ ಪರೀಕ್ಷೆಯೂ ಇದೇ ರೀತಿ. ನಮ್ಮ ಮಕ್ಕಳು ಇಂಥದ್ದನ್ನು ಕಣ್ಣಲ್ಲಿ ಕಂಡಿಲ್ಲ.

ಒಂದು ಖಾಲಿ ಹಾಳೆ ಕೇಳಿ ತೆಗೆದುಕೊಂಡೆ. ಹತ್ತು ತೊಗೊಳ್ಳಿ ಅತ್ತೆ ಅಂದ ಹುಡುಗ. ಬೇಡ ಅಂತ ತಲೆಯಾಡಿಸಿದೆ. ಬರುವ ದಾರಿಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಎಷ್ಟು ಕಾಪಿ ಮೇಡಂ ಅಂದಾಗಲೂ, ಕಾಪಿ ಬೇಡ, ಇದಕ್ಕೇ ಲ್ಯಾಮಿನೇಷನ್ ಮಾಡು ಅಂತ ಬರೆದು ತೋರಿಸಿದೆ. ನಲಿ-ಕಲಿ ಕಾರ್ಡುಗಳು ಮಕ್ಕಳ ಕೈಯಲ್ಲಿ ಹರಿಯಬಾರದು ಅಂತ ಮಾಡಿಸಿ ಮಾಡಿಸಿ ನಮ್ಮಂಥ ಟೀಚರುಗಳಿಗೆ ಅದೊಂದು ಚಟ, ಕಂಡದ್ದಕ್ಕೆಲ್ಲ ಪ್ಲಾಸ್ಟಿಕ್ ಹೊಡೆಸುತ್ತೇವೆ. ಸ್ಕೆಚ್ ಪೆನ್ನಲ್ಲಿ ತುಂಬಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಫೆಬ್ರವರಿ ೬, ಗುರುವಾರ

ಹಾಳೆ ಒಂದು, ಹುಡುಗಿಯರು ಇಬ್ಬರು. ನಾಲ್ಕನೆಯವರಿಗೂ ಆಸೆ, ಅವರೂ ಸಾಲಿನಲ್ಲಿ ನಿಂತರು. ಜಗಳ ಆಗದಿರಲಿ ಅಂತ ಬೋರ್ಡಿನ ಮೇಲೆ ನಿಯಮ ಬರೆದೆ: ತುಂಬು, ತೋರಿಸು, ಒರೆಸು, ಮುಂದಕ್ಕೆ ಕೊಡು. ತುಂಬಿ ತಂದವರ ಹಾಳೆ ನೋಡಿ ತಲೆಯಾಡಿಸುತ್ತೇನೆ, ಅಲ್ಲಿಗೆ ಮುಗಿಯಿತು, ಒರೆಸಬೇಕು. ಬಿಂದುಶ್ರೀ ಅದನ್ನು ರಾಗವಾಗಿ ಹೇಳಿಸಿದಳು. ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳೂ ಊಟದ ತಟ್ಟೆ ತೊಳೆಯುವಾಗ ಅದನ್ನೇ ಹೇಳುತ್ತಿದ್ದವು.

ಫೆಬ್ರವರಿ ೧೪, ಶುಕ್ರವಾರ

ಬಸ್ಸು, ಶಾಲೆ, ಬಸ್ಸು. ಅನ್ನ ಸಾರು. ಬರೆಯುವುದಕ್ಕೆ ಏನೂ ಇಲ್ಲ.

ಫೆಬ್ರವರಿ ೨೫, ಮಂಗಳವಾರ

ಬಿಂದುಶ್ರೀ ಎಲ್ಲವನ್ನೂ ಸರಿಯಾಗಿ ತುಂಬಿದಳು. ಒಂದೂ ತಪ್ಪಿಲ್ಲ. ಪ್ರದ್ಯುಮ್ನನ ಹಳೆಯ ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ಮಾಡಿ ಕೊಟ್ಟಿದ್ದೆ, ಅವನಿಗೇ ಅದರಲ್ಲಿ ಆರು ತಪ್ಪಾಗಿತ್ತಂತೆ. ಎರಡು ಸಲ ನೋಡಿದೆ. ತಲೆಯಾಡಿಸಿದೆ. ಅವಳು ಕುಣಿಯುತ್ತ ಹೋಗಿ ಒದ್ದೆ ಬಟ್ಟೆ ತಂದು, ಮೂಲೆ ಮೂಲೆ ಬಿಡದೆ ಒರೆಸಿ, ಲಂಗಕ್ಕೆ ಉಜ್ಜಿ ಒಣಗಿಸಿ ಹೇಮಶ್ರೀಗೆ ಕೊಟ್ಟಳು. ಅವಳು ನಿಧಾನಸ್ಥೆ, ಯಾವತ್ತೂ ಹಾಳೆ ಮುಗಿಸುವುದಿಲ್ಲ, ಬೆಲ್ಲು ಹೊಡೆದಾಗ ಅರ್ಧದಲ್ಲಿರುತ್ತಾಳೆ.

ಬರುವಾಗ ಬಸ್ಸಿನಲ್ಲಿ ನನಗೇ ಯಾಕೋ ನಗು ಬಂತು. ಪಕ್ಕದವರು ಸ್ವಲ್ಪ ಸರಿದು ಕೂತರು.

ಮಾರ್ಚ್ ೩, ಸೋಮವಾರ

ಗಂಟು ಕರಗಿಲ್ಲವಂತೆ, ಇನ್ನೊಂದು ತಿಂಗಳು ಮಾತು ಬೇಡ ಅಂದರು ಡಾಕ್ಟರು. ಆಗಲಿ. ವಿ.ಆರ್.ಎಸ್. ಫಾರಂ ಮಾಲವಿಕಾ ತಂದುಕೊಟ್ಟಳು. ಫ್ರಿಜ್ಜಿನ ಮೇಲಿದೆ. ಭಾನುವಾರದ ಪರೀಕ್ಷೆ ಮುಗಿಯಲಿ.

ಮಾರ್ಚ್ ೯, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಸರಸ್ವತೀಪುರಂನ ಕಾಲೇಜೊಂದರಲ್ಲಿ ಪರೀಕ್ಷೆ. ಇಬ್ಬರನ್ನೂ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಚಾಮುಂಡೇಶ್ವರಿ ಮಗಳಿಗೆ ಎರಡು ಜಡೆ ಬಿಗಿದು, ಕನಕಾಂಬರ ಮುಡಿಸಿ ಕಳಿಸಿದ್ದಳು. ಗೇಟಿನ ಹತ್ತಿರ ಜನವೋ ಜನ. ಬಿಂದುಶ್ರೀ ನನ್ನ ಸೆರಗು ಹಿಡಿದುಕೊಂಡಿದ್ದಳು, ಒಳಗೆ ಹೋಗುವಾಗ ಬಿಟ್ಟಳು. ಪೆನ್ಸಿಲ್ಲು, ರಬ್ಬರು ಅಲ್ಲೇ ಕೊಟ್ಟರು. ನಾನು ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆ. ನನಗೇ ಗೊತ್ತಿಲ್ಲದ ಹಾಗೆ ರಾಯರ ಸ್ತೋತ್ರ ಮನಸ್ಸಿನಲ್ಲಿ ಓಡುತ್ತಿತ್ತು. ಇವರು ಹೋದ ಮೇಲೆ ದೇವರ ಮನೆಗೆ ಕಾಲಿಟ್ಟವಳಲ್ಲ.

ಇನ್ನೂ ಬೆಲ್ಲು ಹೊಡೆದಿರಲಿಲ್ಲ, ಎಲ್ಲರಿಗಿಂತ ಮುಂಚೆ ಬಿಂದುಶ್ರೀ ಓಡಿಬಂದಳು. ಮುಖ ಊರಗಲ. ಎಲ್ಲಾ ಬಂತು ಮಿಸ್, ಒಂದೂ ಬಿಟ್ಟಿಲ್ಲ ಅಂದಳು. ಮುಗಿಸಿ ಹಾಳೆ ಎತ್ತಿಕೊಂಡು ಹೋಗಿ ಅಲ್ಲಿದ್ದ ಮೇಡಮ್ಮನಿಗೆ ತೋರಿಸಿದಳಂತೆ. ಆ ಮೇಡಮ್ಮ ನೋಡಿ, ಏನೂ ಮಾತಾಡದೆ, ನಿಮ್ಮಂಗೇ ತಲೆ ಅಲ್ಲಾಡಿಸಿದ್ರು ಮಿಸ್ ಅಂದಳು. ಆಮೇಲೆ ಹೇಳಿದಳು:

“ಜಾಗುಕ್ಕೋಗಿ ಎಲ್ಲಾನೂ ನೀಟಾಗಿ ಒರೆಸ್ಬುಟ್ಟು ಕೊಟ್ಟೆ. ರಬ್ಬರ್ ಕೊಟ್ಟಿದ್ರಲ್ಲ, ಒಂಚೂರೂ ಕಾಣಲ್ಲ ಅಂಗೆ ಓಯ್ತು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಒರೆಸಿದೆಯಾ?” ಅಂದೆ.

ಆ ದನಿ ನನ್ನದು ಅಂತ ಗೊತ್ತಾಗಲಿಲ್ಲ. ತಗಡು ಎಳೆದ ಹಾಗಿತ್ತು. ಆ ಹುಡುಗಿ ಕಣ್ಣರಳಿಸಿ, ಮಿಸ್ ಮಾತಾಡ್ಬುಟ್ರು, ಮಿಸ್ ಮಾತಾಡ್ಬುಟ್ರು ಅಂತ ಚಪ್ಪಾಳೆ ತಟ್ಟಿ ಕುಣಿದಳು. ಅಷ್ಟರಲ್ಲಿ ಬೆಲ್ಲು ಹೊಡೆದು ಹೇಮಶ್ರೀ ಅಳುತ್ತ ಬಂದಳು, ಅರ್ಧಕ್ಕೇ ಕಿತ್ತುಕೊಂಡುಬಿಟ್ಟರು, ತೋರಿಸೋಕೂ ಆಗಲಿಲ್ಲ ಅಂತ. ಬಿಂದುಶ್ರೀ ಅವಳಿಗೆ ಸಮಾಧಾನ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, ನಾನು ಸರ್ಯಾಗ್ ಮಾಡ್ದೆ ಅಲ್ವಾ ಮಿಸ್ ಅಂದಳು.

ಹೌದು ಅಂತ ತಲೆಯಾಡಿಸಿದೆ. ಇನ್ನೇನು ಮಾಡಲಿ? ಇಬ್ಬರಿಗೂ ಮಸಾಲೆ ದೋಸೆ ಕೊಡಿಸಿ ಬಸ್ಸು ಹತ್ತಿಸಿಕೊಂಡು ಹೋಗಿ ಮನೆಗೆ ಬಿಟ್ಟು ಬಂದೆ.

ಮಾರ್ಚ್ ೧೦, ಸೋಮವಾರ

ಶಾಲೆ ಮುಗಿಸಿ ಲ್ಯಾಮಿನೇಷನ್ ಹಾಳೆ ಹಿಡಿದುಕೊಂಡು ಟ್ರಸ್ಟಿನ ಆಫೀಸಿಗೆ ಹೋದೆ. ಪರೀಕ್ಷೆಯ ಉಸ್ತುವಾರಿ ಪ್ರಭುಸ್ವಾಮಿ ಅನ್ನುವವರದು. ವಿಭೂತಿ ಇಟ್ಟುಕೊಂಡ, ಮೆತ್ತಗೆ ಮಾತಾಡುವ ಮನುಷ್ಯ. ಕೂರಿಸಿ ಕಾಫಿ ತರಿಸಿದರು. ಸ್ಲೇಟಿನ ಮೇಲೆ ಬರೆಯುತ್ತ ಕೂತರೆ ಕತ್ತಲಾಗುತ್ತದೆ ಅನ್ನಿಸಿತು, ಡಾಕ್ಟರು ಹಾಳಾಗಿ ಹೋಗಲಿ ಅಂತ ಬಾಯಿಬಿಟ್ಟೇ ಹೇಳಿದೆ. ಒಂದೇ ಹಾಳೆಯಲ್ಲಿ ಎಲ್ಲರಿಗೂ ಅಭ್ಯಾಸ ಮಾಡಿಸಿದ್ದು, ತಲೆಯಾಡಿಸಿದ ಮೇಲೆ ಒರೆಸು ಅಂತ ಕಲಿಸಿದ್ದು, ಮಗು ಕಲಿಸಿದ ಹಾಗೇ ಮಾಡಿದ್ದು.

ಅವರು ಪೂರ್ತಿ ಕೇಳಿದರು. ಎದ್ದುಹೋಗಿ ಕಟ್ಟು ಬಿಚ್ಚಿಸಿ ಅವಳ ಹಾಳೆ ತೆಗೆಸಿ ತಂದು ತೋರಿಸಿದರು. ಹೆಸರು, ನಂಬರು ಬಿಟ್ಟರೆ ಬೆಳ್ಳಗಿತ್ತು. ಅಷ್ಟು ಶ್ರದ್ಧೆಯಿಂದ ಒರೆಸಿದ್ದಾಳೆ ಆ ಮುಂಡೇದು. ನನ್ನೆದುರಿಗೇ ಇನ್ನೊಂದು ಹಾಳೆ ಕೊಡಿ, ಈಗಲೇ ಕರೆದುಕೊಂಡು ಬರುತ್ತೇನೆ, ಬೇಕಾದರೆ ಇನ್ನೂ ಕಷ್ಟದ ಪ್ರಶ್ನೆ ಕೊಡಿ ಅಂತ ಕೇಳಿದೆ. ಅವರಿಗೂ ಬೇಜಾರಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರಮ್ಮ, ನಿಯಮ ಎಲ್ಲರಿಗೂ ಒಂದೇ ಅಂದರು.

“ಹಾಳೆ ಎಲ್ಲರಿಗೂ ಒಂದೇ ಇತ್ತಾ ಸ್ವಾಮಿ?” ಅಂದೆ. “ನಮ್ಮ ನಾದಿನಿ ಮಗ ದಿನಕ್ಕೊಂದು ತುಂಬಿ ಬಿಸಾಡ್ತಾನೆ. ನಮ್ಮ ಮಕ್ಕಳು ತುಂಬಿದ್ದನ್ನ ಅಳಿಸಿ ಇನ್ನೊಬ್ಬರಿಗೆ ಕೊಡ್ತಾರೆ. ಬಿಸಾಡೋನು ಪಾಸಾಗ್ತಾನೆ, ಉಳಿಸಿ ಕೊಟ್ಟವಳು ಫೇಲು. ಇದು ಯಾವ ನಿಯಮ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, ಮುಂದಿನ ವರ್ಷದ ಮಕ್ಕಳಿಗೆ ಅಭ್ಯಾಸದ ಹಾಳೆ ನಾವೇ ಕಳಿಸುತ್ತೇವೆ ಅಂದರು. ಮುಂದಿನ ವರ್ಷ ಬಿಂದುಶ್ರೀ ಐದನೇ ಕ್ಲಾಸಿನಲ್ಲಿ ಇರುವುದಿಲ್ಲ.

ಅವರನ್ನೇನು ಬೈಯಲಿ. ಜೆರಾಕ್ಸ್ ಅಂಗಡಿಯವನು ಎಷ್ಟು ಕಾಪಿ ಅಂತ ಕೇಳಿದ್ದ. ಆ ಪುಟ್ಟ ಹುಡುಗ ಹತ್ತು ತೊಗೊಳ್ಳಿ ಅಂದಿದ್ದ. ಬಡ ಶಾಲೆಯಲ್ಲಿ ಇದ್ದೂ ಇದ್ದೂ ನನ್ನ ಕೈಗೂ ಬಡತನ ಅಭ್ಯಾಸವಾಗಿಬಿಟ್ಟಿದೆ.

ಮನೆಗೆ ಬಂದು ಸ್ಲೇಟು ತೆಗೆದು ಮೇಜಿನ ಮೇಲಿಟ್ಟೆ. ಯಜಮಾನರು ಕೊನೆಯದಾಗಿ ಅದರಲ್ಲಿ ಏನು ಬರೆದಿದ್ದರು ಅಂತ ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ. ಹಾಲಿನ ವಿಷಯವೋ, ಗ್ಯಾಸಿನದೋ? ಒರೆಸುವ ಮುಂಚೆ ಓದಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಸ್ಲೇಟನ್ನು ಬೆಳಕಿಗೆ ಹಿಡಿದು ಓರೆಮಾಡಿ ನೋಡಿದೆ. ಏನೂ ಇಲ್ಲ.

ಅತ್ತೆ. ಚೆನ್ನಾಗಿ ಅತ್ತೆ. ಕುಕ್ಕರಿನಲ್ಲಿ ಅನ್ನ ತಳ ಹಿಡಿಯಿತು.

ಮಾರ್ಚ್ ೧೨, ಬುಧವಾರ

ದನಿ ಪೂರ್ತಿ ಹೋಯಿತು. ಡಾಕ್ಟರು ಬೈದರು. ಆಪರೇಷನ್ ಮಾಡಲೇಬೇಕು, ಮೊದಲು ಊತ ಪೂರ್ತಿ ಇಳಿಯಲಿ, ದಸರಾ ರಜೆಯಲ್ಲಿ ಮಾಡೋಣ ಅಂದರು. ಶಾಲೆಯಲ್ಲಿ ಬೋರ್ಡಿನ ಮೇಲಿದ್ದ ನಿಯಮ ಅಳಿಸಿದೆ. ಮಕ್ಕಳು ಅದನ್ನು ಹಾಡುವುದು ನಿಲ್ಲಿಸಲಿಲ್ಲ.

ಏಪ್ರಿಲ್ ೯, ಬುಧವಾರ

ಹೇಮಶ್ರೀಗೆ ಸೀಟು ಸಿಕ್ಕಿತು. ಮುಗಿಸದವಳ ಹಾಳೆ ಉಳಿಯಿತು, ಉಳಿದಷ್ಟೇ ಸಾಕಾಯಿತು. ಪುಟ್ಟಬಸಮ್ಮ ಶಾಲೆಗೆಲ್ಲ ಕಡ್ಲೆಮಿಠಾಯಿ ಹಂಚಿದಳು. ಆ ಮಗುವಿಗೂ ಬೇಕಾಗಿತ್ತು, ಅಪ್ಪ ಇಲ್ಲದ ಕೂಸು, ನನಗೆ ಸಂತೋಷವೇ. ಸಂತೋಷ ಅಂತ ಬರೆದು, ಎದ್ದುಹೋಗಿ ಪಾತ್ರೆ ತೊಳೆದು ಬಂದು ಕೂತೆ.

ಬಿಂದುಶ್ರೀ ಮಿಠಾಯಿ ತಿನ್ನಲಿಲ್ಲ, ಮಂಟೆಗೆ ಅಂತ ಮಡಿಲಲ್ಲಿಟ್ಟುಕೊಂಡಳು. ಎಲ್ಲರೂ ಮನೆಗೆ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ನಾನು ಎಲ್ಲಾ ಸರಿಯಾಗಿ ತುಂಬಿದ್ದೆ ಮಿಸ್ ಅಂದಳು. ಈಗ ಸುಳ್ಳು ಹೇಳುವುದಾಗಲಿಲ್ಲ. ಸ್ಲೇಟಿನ ಮೇಲೆ ಬರೆದೆ: ನೀನು ಮಾಡಿದ್ದು ಸರಿ. ಅಲ್ಲಿ ಒರೆಸಬಾರದಿತ್ತು. ಅದನ್ನು ನಾನು ನಿನಗೆ ಹೇಳಿಕೊಡಲಿಲ್ಲ. ತಪ್ಪು ನನ್ನದು.

ಅವಳು ಬೆರಳಿಟ್ಟು ಓದಿದಳು. ಇನ್ನೊಂದು ಸಲ ಓದಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಆ ಮುಖ ನನಗೆ ಗೊತ್ತಿತ್ತು, ದೀಪಾವಳಿಯಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನೆ.

“ನಿಮ್ಗೆ ಬಾಯಿರ್ನಿಲ್ವಲ್ಲ ಮಿಸ್, ಅದ್ಕೇ ಏಳಕ್ಕಾಗ್ನಿಲ್ಲ,” ಅಂದಳು. ಆಮೇಲೆ ಅಭ್ಯಾಸಬಲ, ಒದ್ದೆ ಬಟ್ಟೆ ತಂದು ಸ್ಲೇಟು ಒರೆಸಿ, ನನ್ನ ಕೈಗೆ ಕೊಟ್ಟು ಹೋದಳು.

ಮೇ ೨೫, ಭಾನುವಾರ

ರಜೆಯೆಲ್ಲ ಮಲಗಿಯೇ ಇದ್ದೆ. ಗುರುವಾರ ಶಾಲೆ ಶುರು. ಇವತ್ತು ಕಂಚಿನಕೊಪ್ಪಲಿಗೆ ಹೋದೆ, ಭಾನುವಾರ ಯಾಕೆ ಹೋದೆ ಅಂತ ಮಾಲವಿಕಾಗೆ ಹೇಳಿಲ್ಲ.

ಬಿಂದುಶ್ರೀ ಬಾಗಿಲಲ್ಲಿ ಮಂಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಮಿಸ್ ಅನ್ನಲಿಲ್ಲ, ಒಳಗೆ ಹೋಗಿ ಅಪ್ಪನನ್ನು ಕಳಿಸಿದಳು. ತಿಂಗಳೊಪ್ಪತ್ತಿನಲ್ಲಿ ದೊಡ್ಡ ಹೆಂಗಸಿನ ಹಾಗೆ ನಡೆಯುವುದನ್ನು ಕಲಿತುಬಿಟ್ಟಿದ್ದಾಳೆ. ಜವರಪ್ಪ ಚಾಪೆ ಹಾಸಿದ. ನಾನು ಏನು ಕೇಳಲು ಬಂದಿದ್ದೇನೆ ಅಂತ ಅವನಿಗೆ ಗೊತ್ತಿತ್ತು. ಆವತ್ತೇ ಹೇಳಿದೆನಲ್ಲ ಮಿಸ್, ಮಗಾನ ನೋಡ್ಕಳೋರ್ಯಾರು ಅಂದ. ಅದು ನಿಜ, ಅವನದು ದುಷ್ಟತನವಲ್ಲ.

ನಾನು ಸ್ಲೇಟು ತೆಗೆಯಲಿಲ್ಲ. ರಜೆಯಲ್ಲಿ ಅಷ್ಟಿಷ್ಟು ಮರಳಿದ್ದ ಒಡಕು ದನಿಯಲ್ಲೇ, ಒಂದೊಂದೇ ಮಾತಾಗಿ ಹೇಳಿದೆ. ಮಂಟೆಯನ್ನು ಬೆಳಗ್ಗೆ ನನ್ನ ಶಾಲೆಗೆ ತಂದು ಬಿಡಲಿ, ನನ್ನ ಕ್ಲಾಸಿನಲ್ಲೇ ಇರುತ್ತಾನೆ, ಮಧ್ಯಾಹ್ನ ದೇವಿರಮ್ಮ ಉಣ್ಣಿಸುತ್ತಾಳೆ. ಬಿಂದುಶ್ರೀ ಹೂಟಗಳ್ಳಿಗೆ ಆರನೇ ಕ್ಲಾಸಿಗೆ ಹೋಗಲಿ. ನನ್ನ ಬಸ್ಸು ಹೂಟಗಳ್ಳಿ ದಾಟಿಯೇ ಬರುವುದು. ಬೆಳಗ್ಗೆ ಇಲ್ಲಿ ಮಂಟೆಯನ್ನು ದೇವಿರಮ್ಮನ ಕೈಗೆ ಕೊಟ್ಟು ಅವಳು ರಸ್ತೆಗೆ ಬರಲಿ, ಅಲ್ಲೇ ಬಸ್ಸಿಳಿದು ಲಾರಿ ರಸ್ತೆ ನಾನು ದಾಟಿಸುತ್ತೇನೆ. ಸಂಜೆ ಅಲ್ಲಿಯ ದೊಡ್ಡ ಮಕ್ಕಳ ಜೊತೆ ಬರುತ್ತಾಳೆ.

ಇನ್ಸ್‌ಪೆಕ್ಷನ್ನಿಗೆ ಯಾರಾದರೂ ಬಂದು ಎರಡು ವರ್ಷದ ಕೂಸು ಕ್ಲಾಸಲ್ಲಿ ಯಾಕಿದೆ ಅಂದರೆ ಏನು ಹೇಳುತ್ತೀರಿ ಅಂತ ಜವರಪ್ಪ ಕೇಳಿದ. ನನಗೆ ಮಾತು ಬರುವುದಿಲ್ಲ ಅಂತ ಹೇಳುತ್ತೇನೆ ಅಂದೆ. ಚಾಮುಂಡೇಶ್ವರಿ ಒಳಗಿನಿಂದ ಕಿಸಕ್ಕನೆ ನಕ್ಕಳು. ಅವಳು ನಕ್ಕಿದ್ದು ಒಳ್ಳೆಯದಾಯಿತು, ಅವನೂ ಸಡಿಲವಾದ. ಈ ಒಂದ್ವರ್ಸ ನೋಡಾನ ಮಿಸ್ ಅಂದ. ಒಂದು ವರ್ಷ ಅಂದರೆ ಒಂದು ವರ್ಷ. ಮುಂದಿನದು ಮುಂದೆ ಕೇಳಿದರಾಯಿತು.

ಮೇ ೩೦, ಶುಕ್ರವಾರ

ಲಾರಿಗಳಿಗೆ ದೊಡ್ಡ ರೋಗ ಬರಲಿ. ಕೈ ಅಡ್ಡ ಹಿಡಿದರೂ ನಿಲ್ಲಿಸುವುದಿಲ್ಲ. ಹಳೇ ಕೊಡೆ ಬಿಚ್ಚಿ ಮುಂದಕ್ಕೆ ಹಿಡಿದು ದಾಟಿಸಿದೆ. ಬಿಂದುಶ್ರೀ ಆಚೆ ಹೋಗಿ ತಿರುಗಿ ನೋಡಲಿಲ್ಲ, ಹೊಸ ಶಾಲೆಯ ಭಯದಲ್ಲಿ. ನೋಡದಿದ್ದರೇ ಒಳ್ಳೆಯದು.

ಮಂಟೆ ಬೆಳಗಿಂದ ಸಂಜೆಯವರೆಗೂ ಗಂಟಲು ಹರಿಯುವ ಹಾಗೆ ಅತ್ತ. ಅವನಿಗೂ ಗಂಟು ಎದ್ದೀತು.

ಜೂನ್ ೧೩, ಶುಕ್ರವಾರ

ಬೆಳಗ್ಗೆ ಹೊಸ ಐದನೇ ಕ್ಲಾಸಿಗೆ ಅಂತ ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗಳ ಒಂದು ಕಟ್ಟು ಮಾಡಿಸಿದೆ. ಲ್ಯಾಮಿನೇಷನ್ ಮೇಡಂ? ಅಂದ. ಬೇಡಪ್ಪ, ಮಕ್ಕಳು ತುಂಬಿ ತುಂಬಿ ಹರಿದುಹಾಕಲಿ ಅಂದೆ. ಶಾಲೆಗೆ ಟ್ರಸ್ಟಿನಿಂದಲೂ ಒಂದು ಕಟ್ಟು ಬಂದಿತ್ತು, ಪ್ರಭುಸ್ವಾಮಿಯವರು ಮಾತು ಉಳಿಸಿಕೊಂಡಿದ್ದಾರೆ.

ಮಂಟೆ ಈಗ ಅಳುವುದಿಲ್ಲ. ಸೀಮೆಸುಣ್ಣ ತಿನ್ನುತ್ತಾನೆ. ಇವತ್ತು ನಾನು ಮೂರನೆಯವರಿಗೆ ಗುಣಾಕಾರ ಹೇಳಿಕೊಡುತ್ತಿದ್ದಾಗ ತೊಡೆ ಹತ್ತಿ ಕೂತು ನಿದ್ದೆ ಮಾಡಿಬಿಟ್ಟ. ಏಳಿಸಲು ಮನಸ್ಸಾಗದೆ ಕೂತಲ್ಲೇ ಪಾಠ ಮಾಡಿದೆ. ಕಾಲು ಜೋಮು ಹಿಡಿಯಿತು, ಬಿಡುವಾಗ ಏನು ನೋವು ಅಂತೀರಿ.

ಸಂಜೆ ಬಿಂದುಶ್ರೀ ತಮ್ಮನನ್ನು ಕರೆದುಕೊಂಡು ಹೋಗಲು ಬಂದಳು. ಅವಳ ಹೊಸ ಶಾಲೆಯ ಕಪಾಟಿನಲ್ಲಿ ಬೀಗ ಹಾಕಿದ ಪುಸ್ತಕಗಳಿವೆಯಂತೆ, ಬೀಗದಕೈ ಯಾರ ಹತ್ತಿರ ಇದೆ ಅಂತ ಆಗಲೇ ಪತ್ತೆ ಮಾಡಿದ್ದಾಳೆ. ಹೇಮಶ್ರೀಯ ಹಾಸ್ಟೆಲ್ಲಿನ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನಾನು ಮಗುವಿನ ಬಾಯಿ ತೊಳೆಸುತ್ತಿದ್ದಾಗ ಮೇಜಿನ ಮೇಲಿದ್ದ ಸ್ಲೇಟು ಎಳೆದುಕೊಂಡು ಏನೋ ಗೀಚಿ ಹೋದಳು. ಬಸ್ಸಿನಲ್ಲಿ ತೆಗೆದು ನೋಡಿದೆ: ನಾಳೆ ಬೆಳಗಿನ ಶಾಲೆ, ಮಂಟೆನ ಬೇಗ ತತ್ತೀನಿ, ಬೇಗ ಬನ್ನಿ.

ಮನೆಗೆ ಬಂದು ಸ್ಲೇಟನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಫ್ರಿಜ್ಜಿನ ಮೇಲಿದ್ದ ಯಾವುದೋ ಫಾರಂ ಮೇಲೆ ಕಾಫಿ ಚೆಲ್ಲಿ ಅಂಟಿಕೊಂಡಿತ್ತು, ಎತ್ತಿ ಹಾಕಿದೆ. ನಾಳೆ ಅರ್ಧ ಲೀಟರ್ ಹಾಲು ಜಾಸ್ತಿ ಬೇಕು, ಮಂಟೆಗೆ ಒಂದು ಲೋಟ ಒಯ್ಯಬೇಕು. ಮರೆಯದಿರಲಿ ಅಂತ ಸ್ಲೇಟಿನ ಮೇಲೆ ಬರೆಯಲು ಒದ್ದೆ ಬಟ್ಟೆ ಕೈಗೆ ತೆಗೆದುಕೊಂಡೆ. ಆ ಹುಡುಗಿಯ ಅಕ್ಷರ ಕಂಡು ಹಾಗೇ ಇಟ್ಟೆ. ಹಾಲಿನವನಿಗೆ ಬಾಯಲ್ಲೇ ಹೇಳಿದರಾಯಿತು.